32.5 ಎಂಬ ಗೆರೆ

ಇಂಗ್ಲೆಂಡಿನ ಲೆಸ್ಟರ್‌ನಲ್ಲಿರುವ ನನ್ನ ಚಿಕ್ಕಮ್ಮ ಫೋನಿನಲ್ಲಿ ಕೇಳಿದ ಒಂದು ಪ್ರಶ್ನೆಯಿಂದ ಈ ಬರಹ ಹುಟ್ಟಿತು. ಆಕೆಗೆ ಬಿಪಿ, ಮೊಣಕಾಲು ನೋವು. ತೂಕ ಏರುತ್ತಲೇ ಇದೆ. ಅಲ್ಲಿನ ಡಾಕ್ಟರು ತೂಕ ಇಳಿಸುವ ತಜ್ಞರ ಕ್ಲಿನಿಕ್ಕಿಗೆ ಬರೆದುಕೊಟ್ಟಿದ್ದರು. ಆಕೆಯ ಬಿಎಂಐ 33. "ನನ್ನ ಜೊತೆ ಕೆಲಸ ಮಾಡೋ ಬಿಳಿ ಹೆಂಗಸಿಗೂ ಅಷ್ಟೇ ಕಣೇ, ಬಿಪಿಯೂ ಇದೆ. ಅವಳಿಗೆ 35 ಆಗ್ಬೇಕಂತೆ, ನಾವು ಇಂಡಿಯಾದವರಿಗೆ 32.5 ಸಾಕಂತೆ. ಇದು ರಿಯಾಯಿತಿನೋ, ಅವಮಾನನೋ?"

ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ ಇಂಥ ಕ್ಲಿನಿಕ್ಕಿನ ಬಾಗಿಲು ಸಾಮಾನ್ಯವಾಗಿ ತೆರೆಯುವುದು ಬಿಎಂಐ 40 ದಾಟಿದವರಿಗೆ, ಇಲ್ಲವೇ 35 ದಾಟಿ ಸಕ್ಕರೆ ಕಾಯಿಲೆ, ರಕ್ತದೊತ್ತಡದಂಥ ತೊಂದರೆ ಇರುವವರಿಗೆ. ದಕ್ಷಿಣ ಏಷ್ಯಾ, ಚೀನಾ, ಆಫ್ರಿಕಾ ಮೂಲದವರಿಗೆ ಇದರಲ್ಲಿ 2.5 ಕಡಿತ. ಪ್ರದೇಶದಿಂದ ಪ್ರದೇಶಕ್ಕೆ ಸ್ವಲ್ಪ ವ್ಯತ್ಯಾಸವೂ ಉಂಟು. ನಾನು ಇತಿಹಾಸದ ವಿದ್ಯಾರ್ಥಿನಿ, ವೈದ್ಯೆಯಲ್ಲ. ಹಾಗಾಗಿ ನನ್ನನ್ನು ಕಾಡಿದ್ದು ಬೇರೆಯೇ ಪ್ರಶ್ನೆ: ಈ ಅಂಕಿಗಳನ್ನು ಮೊದಲು ಬರೆದವರು ಯಾರು?

ಮೂಲಪುರುಷ ವೈದ್ಯನೇ ಅಲ್ಲ. ಬೆಲ್ಜಿಯಮ್ಮಿನ ಅಡಾಲ್ಫ್ ಕ್ವೆಟೆಲೆ ಖಗೋಳಶಾಸ್ತ್ರಜ್ಞ. ನಕ್ಷತ್ರಗಳ ಲೆಕ್ಕಕ್ಕೆ ಬಳಸುತ್ತಿದ್ದ ಗಣಿತವನ್ನು ಮನುಷ್ಯರ ಮೇಲೆ ಪ್ರಯೋಗಿಸಿ 'ಸರಾಸರಿ ಮನುಷ್ಯ'ನನ್ನು ಹುಡುಕಹೊರಟವನು. ವಯಸ್ಕರ ತೂಕ ಅವರ ಎತ್ತರದ ವರ್ಗಕ್ಕೆ ಹೊಂದಿಕೊಂಡು ಏರುತ್ತದೆ ಎಂದು 1830ರ ದಶಕದಲ್ಲಿ ಗುರುತಿಸಿದ. ಬೊಜ್ಜು ಅವನ ಚಿಂತೆಯಾಗಿರಲಿಲ್ಲ.

ಬೊಜ್ಜಿನ ಚಿಂತೆ ಮಾಡಿದ್ದು ಅಮೆರಿಕದ ಜೀವವಿಮಾ ಕಂಪನಿಗಳು. ಯಾರು ಬೇಗ ಸಾಯುತ್ತಾರೆ ಎಂಬುದು ಅವರಿಗೆ ದುಡ್ಡಿನ ಪ್ರಶ್ನೆ. ಮೆಟ್ರೊಪಾಲಿಟನ್ ಲೈಫ್ ಕಂಪನಿ 1940ರ ದಶಕದಲ್ಲೂ ಮತ್ತೆ 1959ರಲ್ಲೂ 'ಆದರ್ಶ ತೂಕ'ದ ಪಟ್ಟಿಗಳನ್ನು ಹೊರಡಿಸಿತು. ಪಾಲಿಸಿ ಕೊಳ್ಳುವ ತಾಕತ್ತಿದ್ದವರ ತೂಕ ಅದು, ಅದೂ ಬಟ್ಟೆ ಬೂಟು ಸಮೇತ! ಮುಂದೆ ಬೊಜ್ಜಿಗೆ ಶಸ್ತ್ರಚಿಕಿತ್ಸೆ ಶುರುವಾದಾಗ ವೈದ್ಯರು ಅಳತೆಗೋಲಾಗಿ ಹಿಡಿದದ್ದು ಈ ಪಟ್ಟಿಯನ್ನೇ. ಆದರ್ಶಕ್ಕಿಂತ 100 ಪೌಂಡ್, ಅಂದರೆ ಸುಮಾರು 45 ಕಿಲೋ, ಹೆಚ್ಚಿದ್ದರೆ ಅರ್ಹರು.

1972ರಲ್ಲಿ ಆನ್ಸೆಲ್ ಕೀಸ್ ಮತ್ತು ಸಂಗಡಿಗರು ಕ್ವೆಟೆಲೆಯ ಸೂತ್ರವನ್ನು ಧೂಳು ಕೊಡವಿ ಎತ್ತಿ 'ಬಾಡಿ ಮಾಸ್ ಇಂಡೆಕ್ಸ್' ಎಂದು ಹೆಸರಿಟ್ಟರು. ಅವರು ಅಳೆದದ್ದು ಐದು ದೇಶಗಳ 7,000ಕ್ಕೂ ಹೆಚ್ಚು ಗಂಡಸರನ್ನು. ಹೆಂಗಸರಿರಲಿಲ್ಲ. ಆ ಐದರಲ್ಲಿ ಭಾರತವೂ ಇರಲಿಲ್ಲ. 1991ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ಕರೆದ ಸಭೆ ಶಸ್ತ್ರಚಿಕಿತ್ಸೆಯ ಅರ್ಹತೆಯನ್ನು ಬಿಎಂಐ ಭಾಷೆಯಲ್ಲಿ ಹೇಳಿತು: 40, ಅಥವಾ ಕಾಯಿಲೆಯೂ ಇದ್ದರೆ 35. ಆ 40 ಎಂಬುದು ಹೆಚ್ಚುಕಡಿಮೆ ಹಳೆಯ 100 ಪೌಂಡೇ, ಹೊಸ ಅಂಗಿ ತೊಟ್ಟದ್ದು. ಲೆಸ್ಟರ್‌ನ ಡಾಕ್ಟರ ಕಂಪ್ಯೂಟರಿನಲ್ಲಿರುವ ಗೆರೆಗೆ ವಿಮಾ ಏಜೆಂಟರ ತಕ್ಕಡಿಯ ನಂಟಿದೆ ಎಂದರೆ ಉತ್ಪ್ರೇಕ್ಷೆಯಲ್ಲ.

ನಮ್ಮ ದೇಹಗಳು ಈ ಕಥೆಯೊಳಗೆ ಬಂದದ್ದು ತಡವಾಗಿ. ಬಂದ ದಾರಿಗಳಲ್ಲಿ ಒಂದು ಮೈಸೂರಿನದು. ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಊರಿನವರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಸುತ್ತಳತೆಯನ್ನು ದಾಖಲೆಯಲ್ಲಿ ಬರೆದಿಟ್ಟಿತ್ತು. 1990ರ ದಶಕದಲ್ಲಿ ಸಂಶೋಧಕರು ಆ ದಾಖಲೆಗಳನ್ನು ಹಿಡಿದು, ಅಲ್ಲಿ ಹುಟ್ಟಿದ್ದವರನ್ನು ಮನೆಮನೆಗೆ ಹೋಗಿ ಹುಡುಕಿ ಹೃದ್ರೋಗ, ಸಕ್ಕರೆ ಕಾಯಿಲೆಗಳನ್ನು ಪರೀಕ್ಷಿಸಿದರು. ಅದೇ ಆಸ್ಪತ್ರೆಯ ಹೊಸ ಕೂಸುಗಳನ್ನು ಇಂಗ್ಲೆಂಡಿನ ಕೂಸುಗಳ ಜೊತೆ ಹೋಲಿಸಿದಾಗ ಕಂಡದ್ದು ವಿಚಿತ್ರ: ನಮ್ಮವು ಎಲ್ಲ ಅಳತೆಯಲ್ಲೂ ಚಿಕ್ಕವು, ಆದರೆ ಬೆನ್ನಿನ ಮೇಲಿನ ಕೊಬ್ಬಿನ ಪದರ ಮಾತ್ರ ಕುಗ್ಗಿಲ್ಲ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಅಲ್ಲಿಯೂ ಇದನ್ನೇ ಕಂಡಿದ್ದರು. 2004ರಲ್ಲಿ ಅವರು ಬ್ರಿಟಿಷ್ ಸಹೋದ್ಯೋಗಿ ಜಾನ್ ಯಡ್ಕಿನ್ ಜೊತೆ ನಿಂತು ತೆಗೆಸಿಕೊಂಡ ಫೋಟೋ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಇಬ್ಬರ ಬಿಎಂಐ 22.3. ಯಡ್ಕಿನ್ ಮೈಯ ಕೊಬ್ಬು ಶೇ. 9.1, ಯಾಜ್ಞಿಕರದು ಶೇ. 21.2. ಒಂದು ಸಂಪುಟದ ವಾದವನ್ನು ಒಂದು ಫೋಟೋ ಮುಗಿಸಿಬಿಟ್ಟಿತು.

ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿ ಏಷ್ಯಾದವರಿಗೆ 23, 27.5, 32.5, 37.5 ಎಂಬ ಅಂಕಿಗಳನ್ನು ಸೂಚಿಸಿತು. ಹಳೆಯ ಗೆರೆಗಳನ್ನು ಅಳಿಸಲಿಲ್ಲ, ಪಕ್ಕದಲ್ಲಿ ಹೊಸವನ್ನು ಎಳೆಯಿತು. ಅಪಾಯ ಶುರುವಾಗುವ ಬಿಂದು ಒಂದೊಂದು ಏಷ್ಯನ್ ಜನಸಮುದಾಯದಲ್ಲಿ ಒಂದೊಂದಾಗಿ, 22ರಿಂದ 25ರವರೆಗೆ ಹರಡಿತ್ತು. ಅಂದರೆ 2.5 ಎಂಬುದು ಪ್ರಕೃತಿ ಕೊಟ್ಟ ಸಂಖ್ಯೆಯಲ್ಲ, ಸಮಿತಿಯ ಅನುಕೂಲ.

ಆ ಅನುಕೂಲಕ್ಕೂ ಬೆಲೆಯಿದೆ. ಇಂಗ್ಲೆಂಡಿನ 14 ಲಕ್ಷಕ್ಕೂ ಹೆಚ್ಚು ಜನರ ದಾಖಲೆ ನೋಡಿ 2021ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಬಿಳಿಯರಿಗೆ ಬಿಎಂಐ 30ರಲ್ಲಿ ಇರುವಷ್ಟೇ ಸಕ್ಕರೆ ಕಾಯಿಲೆಯ ಅಪಾಯ ದಕ್ಷಿಣ ಏಷ್ಯಾದವರಿಗೆ 23.9ರಲ್ಲೇ ಇದೆ. ಅಂತರ ಆರು, ಕಡಿತ ಎರಡೂವರೆ. ಉಳಿದ ಮೂರೂವರೆಯ ಜಾಗದಲ್ಲಿ ಎಷ್ಟೋ ಜನ ಬಾಗಿಲ ಹೊರಗೆ ನಿಂತಿದ್ದಾರೆ. ಚಿಕ್ಕಮ್ಮನ ಆ ಸಹೋದ್ಯೋಗಿಯೂ ಹೊರಗೇ ಇದ್ದಾಳೆ. ಅವಳ ಮೊಣಕಾಲಿಗೆ ಈ ಲೆಕ್ಕವೆಲ್ಲ ಏನು ಗೊತ್ತು? ಅವಳ ಸಂಕಟಕ್ಕೆ ನಮ್ಮ 32.5 ಕಾರಣವಲ್ಲ, ಅವಳ 35ರ ಹಿಂದೆಯೂ ಅಂಥದ್ದೇ ಒಂದು ಮೇಜು, ಅಂಥದ್ದೇ ಒಂದು ಸಭೆ ಇದೆ.

ಇಷ್ಟನ್ನೂ ಚಿಕ್ಕಮ್ಮನಿಗೆ ಹೇಳಿದೆ. ರಿಯಾಯಿತಿಯೂ ಅಲ್ಲ, ಅವಮಾನವೂ ಅಲ್ಲ, ಅರ್ಧ ತಿದ್ದಿದ ತಪ್ಪು ಎಂದೆ. ಆಕೆ ಕೇಳಿಸಿಕೊಂಡಿದ್ದು ಮಧ್ಯದ ಭಾಗವನ್ನು ಮಾತ್ರ. "ಮಿಷನ್ ಆಸ್ಪತ್ರೆನಾ? ನಾನು ಹುಟ್ಟಿದ್ದು ಅಲ್ಲೇ ಅಲ್ವೇನೇ! ನನ್ನ ತೂಕವನ್ನೂ ಬರೆದಿಟ್ಟಿರ್ತಾರಾ?"