ಬೇಸ್ ಗಿಟಾರ್ ಇಫೆಕ್ಟ್ ಪೆಡಲ್‌ಗಳು

ಬೇಸ್ ಗಿಟಾರಿನ ಪಿಕಪ್‌ನಿಂದ ಹೊರಡುವ ವಿದ್ಯುತ್ ಸಂಕೇತವನ್ನು ಆಂಪ್ಲಿಫೈಯರ್ ಅಥವಾ ಧ್ವನಿವರ್ಧಕ ವ್ಯವಸ್ಥೆಗೆ ತಲುಪುವ ಮುನ್ನವೇ ಮಾರ್ಪಡಿಸುವ, ಕಾಲಿನಿಂದ ಒತ್ತಿ ಚಾಲನೆ ಮಾಡುವ ಸಣ್ಣ ಸಾಧನಗಳಿಗೆ ಬೇಸ್ ಗಿಟಾರ್ ಇಫೆಕ್ಟ್ ಪೆಡಲ್‌ಗಳು ಎಂದು ಹೆಸರು. ಒಂದಕ್ಕಿಂತ ಹೆಚ್ಚು ಪೆಡಲ್‌ಗಳನ್ನು ತಂತಿಗಳಿಂದ ಸರಣಿಯಾಗಿ ಜೋಡಿಸಿ ಒಂದು ಹಲಗೆಯ ಮೇಲೆ ಕೂರಿಸಿದಾಗ ಅದನ್ನು ಪೆಡಲ್‌ಬೋರ್ಡ್ ಎನ್ನುತ್ತಾರೆ. ವಾದ್ಯಮೇಳದಲ್ಲಿ ಬೇಸ್ ಗಿಟಾರಿನ ಮುಖ್ಯ ಕರ್ತವ್ಯ ತಗ್ಗುಸ್ವರಗಳ ಆಧಾರವನ್ನು ಒದಗಿಸುವುದು. ಆದುದರಿಂದ ಇದಕ್ಕೆ ಪೆಡಲ್‌ಗಳನ್ನು ಆರಿಸುವಾಗ, ಹೊಸ ಧ್ವನಿ ದೊರೆಯುವುದೇ ಎಂಬುದಕ್ಕಿಂತ ಮೂಲದ ತಗ್ಗುಧ್ವನಿ ಉಳಿಯುವುದೇ ಎಂಬ ಪ್ರಶ್ನೆ ಮುಖ್ಯವಾಗುತ್ತದೆ. ಈ ಲೇಖನವು ಪೆಡಲ್‌ಗಳ ವಿಧ, ಆಯ್ಕೆ ಮತ್ತು ಜೋಡಣೆಯ ಕ್ರಮವನ್ನೂ, ಭಾರತದ ವಿದ್ಯುತ್ ವ್ಯವಸ್ಥೆ ಹಾಗೂ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಂತಹ ಮಳೆ ಹೆಚ್ಚಿರುವ ಪ್ರದೇಶಗಳಲ್ಲಿ ವಹಿಸಬೇಕಾದ ಎಚ್ಚರಿಕೆಗಳನ್ನೂ ವಿವರಿಸುತ್ತದೆ.

ಇತಿಹಾಸ

ಅಮೆರಿಕದ ಫೆಂಡರ್ ಸಂಸ್ಥೆಯು 1951ರಲ್ಲಿ ಪ್ರಿಸಿಷನ್ ಬೇಸ್ ಎಂಬ ವಾದ್ಯವನ್ನು ಮಾರುಕಟ್ಟೆಗೆ ತಂದ ನಂತರ ವಿದ್ಯುತ್ ಬೇಸ್ ಗಿಟಾರ್ ವ್ಯಾಪಕವಾಗಿ ಬಳಕೆಗೆ ಬಂದಿತು. ಇಫೆಕ್ಟ್ ಪೆಡಲ್‌ಗಳ ಚರಿತ್ರೆಯ ಒಂದು ಮುಖ್ಯ ಘಟನೆಯೂ ಬೇಸ್ ವಾದ್ಯಕ್ಕೇ ಸಂಬಂಧಿಸಿದ್ದು. ಮಾರ್ಟಿ ರಾಬಿನ್ಸ್ ಹಾಡಿದ, 1961ರಲ್ಲಿ ಜನಪ್ರಿಯವಾದ ‘ಡೋಂಟ್ ವರಿ’ ಗೀತೆಯ ಧ್ವನಿಮುದ್ರಣವು ನ್ಯಾಶ್‌ವಿಲ್ ನಗರದಲ್ಲಿ ನಡೆಯುತ್ತಿದ್ದಾಗ, ಗ್ರೇಡಿ ಮಾರ್ಟಿನ್ ನುಡಿಸುತ್ತಿದ್ದ ಆರು ತಂತಿಯ ಬೇಸ್‌ನ ಧ್ವನಿಯು ಮಿಕ್ಸರಿನ ದೋಷಪೂರಿತ ಚಾನೆಲ್‌ನಿಂದಾಗಿ ಒಡೆದು ಗೊರಗೊರನೆ ಕೇಳಿಸಿತು. ಆ ಧ್ವನಿಯನ್ನು ಹಾಗೆಯೇ ಉಳಿಸಿಕೊಳ್ಳಲಾಯಿತು. ಅದನ್ನು ಬೇಕೆಂದಾಗ ಹೊರಡಿಸಲು ಧ್ವನಿ ತಂತ್ರಜ್ಞ ಗ್ಲೆನ್ ಸ್ನಾಡಿ ರೂಪಿಸಿದ ಮಂಡಲದಿಂದ 1962ರಲ್ಲಿ ಮೇಸ್ಟ್ರೋ ಫಜ್-ಟೋನ್ ಎಂಬ ಪೆಡಲ್ ಬಂದಿತು.

1965ರಲ್ಲಿ ಬೀಟಲ್ಸ್ ತಂಡದ ‘ಥಿಂಕ್ ಫಾರ್ ಯುವರ್‌ಸೆಲ್ಫ್’ ಗೀತೆಯಲ್ಲಿ ಎರಡು ಬೇಸ್ ಧ್ವನಿಗಳಿವೆ. ಒಂದು ಸಹಜ ಬೇಸ್, ಇನ್ನೊಂದು ಫಜ್ ಮೂಲಕ ನುಡಿಸಿದ ಬೇಸ್. ಶುದ್ಧ ಧ್ವನಿಯನ್ನು ಅಡಿಯಲ್ಲಿ ಇರಿಸಿಕೊಂಡು ಮಾರ್ಪಟ್ಟ ಧ್ವನಿಯನ್ನು ಮೇಲೆ ಸೇರಿಸುವ ಈ ರೀತಿಯೇ ಇಂದಿನ ಬೇಸ್ ಪೆಡಲ್‌ಗಳಲ್ಲಿ ‘ಬ್ಲೆಂಡ್’ ಎಂಬ ಗುಂಡಿಯ ರೂಪದಲ್ಲಿ ಕಾಣಸಿಗುತ್ತದೆ. 1970ರ ದಶಕದಲ್ಲಿ ಮ್ಯೂಟ್ರಾನ್ III ಎಂಬ ಎನ್ವಲಪ್ ಫಿಲ್ಟರ್ ಬೂಟ್ಸಿ ಕಾಲಿನ್ಸ್ ಅವರ ಫಂಕ್ ವಾದನದಿಂದ ಹೆಸರಾಯಿತು. ಜಪಾನಿನ ಬಾಸ್ ಸಂಸ್ಥೆಯ ಓಸಿ-2 ಆಕ್ಟೇವ್ ಪೆಡಲ್ 1982ರಲ್ಲಿ ಬಂದಿತು. ಆನಂತರದ ದಶಕಗಳಲ್ಲಿ ಬೇಸ್‌ಗೆಂದೇ ರೂಪಿಸಿದ ಸಾಧನಗಳು ಹೆಚ್ಚಿದವು. ಟೆಕ್ 21 ಸಂಸ್ಥೆಯ ಸಾನ್ಸ್‌ಆಂಪ್ ಬೇಸ್ ಡ್ರೈವರ್ ಮತ್ತು ಫಿನ್ಲೆಂಡಿನ ಡಾರ್ಕ್‌ಗ್ಲಾಸ್ ಸಂಸ್ಥೆಯ ಪೆಡಲ್‌ಗಳು ಇದಕ್ಕೆ ನಿದರ್ಶನ.

ಬೇಸ್ ಧ್ವನಿಯ ವೈಶಿಷ್ಟ್ಯ

ನಾಲ್ಕು ತಂತಿಯ ಬೇಸ್ ಗಿಟಾರಿನ ಸಾಮಾನ್ಯ ಶ್ರುತಿಯಲ್ಲಿ ಬಿಡಿತಂತಿಗಳ ಕಂಪನಾಂಕ ಹೀಗಿರುತ್ತದೆ:

• ಇ ತಂತಿ – 41.2 ಹರ್ಟ್ಜ್
• ಎ ತಂತಿ – 55 ಹರ್ಟ್ಜ್
• ಡಿ ತಂತಿ – 73.4 ಹರ್ಟ್ಜ್
• ಜಿ ತಂತಿ – 98 ಹರ್ಟ್ಜ್

ಐದು ತಂತಿಯ ವಾದ್ಯದಲ್ಲಿ ಇವುಗಳ ಕೆಳಗೆ ಸುಮಾರು 30.9 ಹರ್ಟ್ಜ್‌ನ ಬಿ ತಂತಿ ಇರುತ್ತದೆ. ಸಾಮಾನ್ಯ ಗಿಟಾರಿನ ಅತಿ ತಗ್ಗಿನ ತಂತಿ 82.4 ಹರ್ಟ್ಜ್, ಅಂದರೆ ಬೇಸ್‌ಗಿಂತ ಒಂದು ಸ್ಥಾಯಿ ಮೇಲೆ. ಗಿಟಾರಿಗೆಂದು ರಚಿಸಿದ ಅನೇಕ ಓವರ್‌ಡ್ರೈವ್ ಮಂಡಲಗಳು ಧ್ವನಿ ಮಸುಕಾಗದಿರಲೆಂದು ತಗ್ಗು ಕಂಪನಗಳನ್ನು ಮೊದಲೇ ಕಡಿತಗೊಳಿಸುತ್ತವೆ. ಪ್ರಸಿದ್ಧ ಟ್ಯೂಬ್ ಸ್ಕ್ರೀಮರ್ ಪೆಡಲ್‌ನಲ್ಲಿ ಈ ಕಡಿತ ಸುಮಾರು 720 ಹರ್ಟ್ಜ್‌ನಿಂದ ಕೆಳಗೆ ಆರಂಭವಾಗುತ್ತದೆ. ಗಿಟಾರಿಗೆ ಗುಣವೆನಿಸುವ ಈ ರಚನೆ ಬೇಸ್‌ಗೆ ದೋಷವಾಗುತ್ತದೆ. ಕೋಣೆಯಲ್ಲಿ ಒಬ್ಬರೇ ನುಡಿಸುವಾಗ ಧ್ವನಿ ಹರಿತವಾಗಿ, ಆಕರ್ಷಕವಾಗಿ ಕೇಳಿಸುತ್ತದೆ. ಆದರೆ ತಬಲಾ, ಡ್ರಮ್ಸ್, ಕೀಬೋರ್ಡ್‌ಗಳ ನಡುವೆ ಬೇಸ್ ಇದೆಯೋ ಇಲ್ಲವೋ ಎಂಬಂತಾಗಿ ಇಡೀ ಮೇಳ ಬುಡವಿಲ್ಲದಂತೆ ಭಾಸವಾಗುತ್ತದೆ.

ವಿಧಗಳು

ಟ್ಯೂನರ್: ಶ್ರುತಿಯನ್ನು ತೋರಿಸುವ ಸಾಧನ. ಧ್ವನಿಯನ್ನು ಪೂರ್ಣವಾಗಿ ನಿಲ್ಲಿಸಿ ಮೌನವಾಗಿ ಶ್ರುತಿ ಮಾಡಲು ಸಹ ಒದಗುತ್ತದೆ.

ಕಂಪ್ರೆಸರ್: ಜೋರಾದ ಮೀಟನ್ನು ತಗ್ಗಿಸಿ, ಮೆಲುವಾದುದನ್ನು ಸಾಪೇಕ್ಷವಾಗಿ ಎತ್ತಿ, ಸ್ವರಗಳ ಪ್ರಮಾಣವನ್ನು ಸಮಗೊಳಿಸುತ್ತದೆ. 3:1 ಅಥವಾ 4:1ರ ಅನುಪಾತ ಸಾಮಾನ್ಯ ಬಳಕೆಗೆ ಸಾಕು. ಅಟ್ಯಾಕ್ ತೀರ ಶೀಘ್ರವಾಗಿದ್ದರೆ ಬೆರಳಿನ ಮೊದಲ ಪೆಟ್ಟೇ ಮುಚ್ಚಿಹೋಗುತ್ತದೆ.

ಓವರ್‌ಡ್ರೈವ್, ಡಿಸ್ಟಾರ್ಷನ್, ಫಜ್: ಸಂಕೇತದ ಅಲೆಯ ತುದಿಗಳನ್ನು ಕತ್ತರಿಸಿ ಹಾರ್ಮೋನಿಕ್‌ಗಳನ್ನು, ಅಂದರೆ ಮೂಲ ಕಂಪನದ ಎರಡರಷ್ಟು, ಮೂರರಷ್ಟು ಇತ್ಯಾದಿ ಕಂಪನಗಳನ್ನು, ಹೆಚ್ಚಿಸುತ್ತವೆ. ಸಣ್ಣ ಸ್ಪೀಕರ್‌ಗಳಲ್ಲಿ 41 ಹರ್ಟ್ಜ್ ಕೇಳಿಸದಿದ್ದರೂ ಅದರ ಹಾರ್ಮೋನಿಕ್‌ಗಳಿಂದ ಕಿವಿಯು ಮೂಲಸ್ವರವನ್ನು ಗ್ರಹಿಸುತ್ತದೆ. ಆದುದರಿಂದ ಅಲ್ಪ ಪ್ರಮಾಣದ ಓವರ್‌ಡ್ರೈವ್ ಬೇಸ್ ಸ್ಪಷ್ಟವಾಗಲು ನೆರವಾಗುತ್ತದೆ.

ಆಕ್ಟೇವ್: ನುಡಿಸಿದ ಸ್ವರದ ಒಂದು ಸ್ಥಾಯಿ ಕೆಳಗಿನ ಸ್ವರವನ್ನು ಸೇರಿಸುತ್ತದೆ. ಬಿಡಿ ಇ ತಂತಿಯ ಕೆಳಸ್ಥಾಯಿ 20.6 ಹರ್ಟ್ಜ್ ಆಗುವುದರಿಂದ ಅದು ಮಾನವ ಶ್ರವಣದ ಅಂಚಿನಲ್ಲಿರುತ್ತದೆ, ಸಾಮಾನ್ಯ ಸ್ಪೀಕರ್‌ಗಳು ಅದನ್ನು ಹೊರಡಿಸಲಾರವು. ಈ ಪೆಡಲ್ ಮೇಲಿನ ಎರಡು ತಂತಿಗಳಲ್ಲಿ, ಒಮ್ಮೆಗೆ ಒಂದೇ ಸ್ವರ ನುಡಿಸುವಾಗ ಹೆಚ್ಚು ಉಪಯುಕ್ತ.

ಎನ್ವಲಪ್ ಫಿಲ್ಟರ್: ಮೀಟಿನ ಬಲಕ್ಕೆ ಅನುಗುಣವಾಗಿ ಫಿಲ್ಟರ್ ತೆರೆದು ಮುಚ್ಚಿ, ‘ವಾ’ ಎಂಬ ಉಚ್ಚಾರದಂತಹ ಧ್ವನಿ ಕೊಡುತ್ತದೆ.

ಕೋರಸ್, ಡಿಲೇ, ರಿವರ್ಬ್: ಧ್ವನಿಗೆ ವಿಸ್ತಾರ, ಪ್ರತಿಧ್ವನಿ ಮತ್ತು ಅವಕಾಶದ ಭಾವ ನೀಡುತ್ತವೆ. ತಗ್ಗುಸ್ವರಗಳ ಮೇಲೆ ಇವು ಹೆಚ್ಚಾದರೆ ಲಯದ ಅಂಚು ಕರಗುತ್ತದೆ. ಬಾಸ್ ಸಂಸ್ಥೆಯ ಸಿಇಬಿ-3ರಂತಹ ಬೇಸ್ ಕೋರಸ್‌ಗಳಲ್ಲಿ ತಗ್ಗುಭಾಗವನ್ನು ಮುಟ್ಟದೆ ಬಿಡಲು ಪ್ರತ್ಯೇಕ ಫಿಲ್ಟರ್ ಗುಂಡಿ ಇದೆ.

ಪ್ರೀಆಂಪ್ ಮತ್ತು ಡಿ.ಐ.: ಧ್ವನಿಯ ತಗ್ಗು, ನಡು, ಮೇಲು ಭಾಗಗಳನ್ನು ತಿದ್ದಿ, ಸಂಕೇತವನ್ನು ಉದ್ದದ ತಂತಿಯಲ್ಲಿ ನೇರವಾಗಿ ಮಿಕ್ಸರಿಗೆ ಕಳುಹಿಸಲು ಯೋಗ್ಯವಾಗಿಸುತ್ತವೆ.

ಆಯ್ಕೆ

ಬೇಸ್ ಆಂಪ್ಲಿಫೈಯರ್ ಇಲ್ಲದ ವೇದಿಕೆಗಳಲ್ಲಿ ವಾದ್ಯವನ್ನು ನೇರವಾಗಿ ಮಿಕ್ಸರಿಗೆ ಸೇರಿಸುವುದು ರೂಢಿ. ಅಂತಹ ಕಡೆ ಮೊದಲು ಕೊಳ್ಳಬೇಕಾದುದು ಫಜ್ ಅಲ್ಲ, ಟ್ಯೂನರ್ ಮತ್ತು ಡಿ.ಐ. ಇರುವ ಪ್ರೀಆಂಪ್. ಮೂರನೆಯದು ಕಂಪ್ರೆಸರ್. ಈ ಮೂರು ಸಿದ್ಧವಾದ ಮೇಲೆ, ನುಡಿಸುವ ಸಂಗೀತಕ್ಕೆ ತಕ್ಕ ಒಂದು ವಿಶೇಷ ಪೆಡಲ್ ಸೇರಿಸುವುದು ಯುಕ್ತ.

• ಭಾವಗೀತೆ, ಸುಗಮ ಸಂಗೀತಕ್ಕೆ ಕಂಪ್ರೆಸರ್ ಮತ್ತು ಪ್ರೀಆಂಪ್ ಸಾಕು. ಸಾಹಿತ್ಯ ಮುಖ್ಯವಾದಲ್ಲಿ ಬೇಸ್ ಗಮನ ಸೆಳೆಯಬಾರದು.
• ಚಿತ್ರಗೀತೆಗಳ ರಸಮಂಜರಿ ತಂಡಕ್ಕೆ ಇವುಗಳೊಂದಿಗೆ ಆಕ್ಟೇವ್ ಮತ್ತು ಕೋರಸ್ ಒದಗುತ್ತವೆ, ಕೀಬೋರ್ಡಿನ ಬೇಸ್ ಧ್ವನಿಗಳನ್ನು ಅನುಕರಿಸಲು ಆಕ್ಟೇವ್ ನೆರವಾಗುತ್ತದೆ.
• ಜಾನಪದ ರಾಕ್ ಪ್ರಕಾರಕ್ಕೆ ಬ್ಲೆಂಡ್ ಗುಂಡಿ ಇರುವ ಓವರ್‌ಡ್ರೈವ್ ಸೂಕ್ತ. ಡೊಳ್ಳಿನಂತಹ ದೊಡ್ಡ ಚರ್ಮವಾದ್ಯ ಜೊತೆಗಿದ್ದಾಗ ತಗ್ಗುಭಾಗವನ್ನು ಹೆಚ್ಚಿಸುವ ಬದಲು ನಡುಭಾಗವನ್ನು ತುಸು ಎತ್ತಿದರೆ ಎರಡೂ ಬೇರೆಬೇರೆಯಾಗಿ ಕೇಳಿಸುತ್ತವೆ.

ಅನೇಕ ಪರಿಣಾಮಗಳನ್ನು ಒಂದೇ ಪೆಟ್ಟಿಗೆಯಲ್ಲಿ ಕೊಡುವ ಜೂಮ್ ಬಿ1 ಫೋರ್, ಬಾಸ್ ಜಿಟಿ-1ಬಿ ಮೊದಲಾದ ಬಹುಪರಿಣಾಮ ಸಾಧನಗಳು ಕಲಿಯುವವರಿಗೆ ಉಪಯುಕ್ತ. ಯಾವ ಪರಿಣಾಮ ನಿಜಕ್ಕೂ ಬಳಕೆಯಾಗುತ್ತದೆ ಎಂಬುದು ಇದರಿಂದ ತಿಳಿದು, ಅನಗತ್ಯ ಖರೀದಿ ತಪ್ಪುತ್ತದೆ. ಯಾವುದೇ ಪೆಡಲನ್ನು ಒಂಟಿಯಾಗಿ ಅಲ್ಲದೆ ಮೇಳದೊಂದಿಗೆ ಅಥವಾ ಧ್ವನಿಮುದ್ರಿತ ಗೀತೆಯೊಂದಿಗೆ ನುಡಿಸಿ ಪರೀಕ್ಷಿಸಬೇಕು.

ಜೋಡಣೆಯ ಕ್ರಮ

ಸಂಕೇತವು ಒಂದು ಪೆಡಲಿನಿಂದ ಮುಂದಿನದಕ್ಕೆ ಹರಿಯುವುದರಿಂದ ಕ್ರಮ ಬದಲಾದರೆ ಧ್ವನಿಯೂ ಬದಲಾಗುತ್ತದೆ. ಸಾಮಾನ್ಯವಾಗಿ ಅನುಸರಿಸುವ ಕ್ರಮ ಇದು:

1. ಟ್ಯೂನರ್
2. ಎನ್ವಲಪ್ ಫಿಲ್ಟರ್
3. ಆಕ್ಟೇವ್
4. ಕಂಪ್ರೆಸರ್
5. ಓವರ್‌ಡ್ರೈವ್ ಅಥವಾ ಫಜ್
6. ಕೋರಸ್
7. ಡಿಲೇ, ರಿವರ್ಬ್
8. ಪ್ರೀಆಂಪ್ ಮತ್ತು ಡಿ.ಐ.

ಇದಕ್ಕೆ ಕಾರಣಗಳಿವೆ. ಎನ್ವಲಪ್ ಫಿಲ್ಟರ್ ಮೀಟಿನ ಏರಿಳಿತವನ್ನು ಅವಲಂಬಿಸುವುದರಿಂದ ಅದನ್ನು ಸಮಗೊಳಿಸುವ ಕಂಪ್ರೆಸರ್‌ಗಿಂತ ಮೊದಲು ಇರಬೇಕು. ಆಕ್ಟೇವ್ ಸ್ವರವನ್ನು ಗುರುತಿಸಲು ಶುದ್ಧ ಸಂಕೇತ ಬೇಕಾದುದರಿಂದ ಅದು ಓವರ್‌ಡ್ರೈವ್‌ಗೆ ಮುಂಚೆ ಬರುತ್ತದೆ. ಪ್ರತಿಧ್ವನಿಯನ್ನು ಒಡೆದರೆ ಕಲಸುಮೇಲೋಗರವಾಗುವುದರಿಂದ ಡಿಲೇ ಕೊನೆಯ ಕಡೆಗಿರುತ್ತದೆ. ಕಂಪ್ರೆಸರನ್ನು ಓವರ್‌ಡ್ರೈವ್ ನಂತರ ಇಡುವವರೂ ಇದ್ದಾರೆ. ಆಗ ಒಡೆದ ಧ್ವನಿಯ ಪ್ರಮಾಣ ಸ್ಥಿರವಾಗಿ ಉಳಿಯುತ್ತದೆ, ಆದರೆ ಹಿನ್ನೆಲೆಯ ಗದ್ದಲವೂ ಏರುತ್ತದೆ.

ಪ್ರತಿಯೊಂದು ಪೆಡಲನ್ನು ಚಾಲೂ ಮಾಡಿದಾಗಲೂ ನಿಲ್ಲಿಸಿದಾಗಲೂ ಧ್ವನಿಯ ಪ್ರಮಾಣ ಒಂದೇ ಆಗಿರುವಂತೆ ಲೆವೆಲ್ ಗುಂಡಿಯನ್ನು ಹೊಂದಿಸಬೇಕು. ಸ್ವಲ್ಪ ಜೋರಾದ ಧ್ವನಿ ಕಿವಿಗೆ ಉತ್ತಮವೆಂದೇ ತೋರುವುದರಿಂದ, ಪ್ರಮಾಣ ಸಮವಾಗದೆ ಪೆಡಲಿನ ಗುಣವನ್ನು ನಿರ್ಣಯಿಸಲು ಸಾಧ್ಯವಿಲ್ಲ. ಬ್ಲೆಂಡ್ ಗುಂಡಿಯನ್ನು ಪೂರ್ತಿ ಶುದ್ಧ ಧ್ವನಿಯ ಕಡೆಗೆ ಇರಿಸಿ, ತಗ್ಗಿನ ತಂತಿಯನ್ನು ನುಡಿಸುತ್ತ, ಅಡಿಪಾಯ ಅಲುಗುವ ಹಂತದವರೆಗೆ ಮಾತ್ರ ಪರಿಣಾಮವನ್ನು ಏರಿಸುವುದು ಸುರಕ್ಷಿತ ವಿಧಾನ.

ವಿದ್ಯುತ್ ಪೂರೈಕೆ ಮತ್ತು ಸುರಕ್ಷತೆ

ಹೆಚ್ಚಿನ ಪೆಡಲ್‌ಗಳು 9 ವೋಲ್ಟ್ ಏಕಮುಖ ವಿದ್ಯುತ್ತಿನಿಂದ ನಡೆಯುತ್ತವೆ. ಅವುಗಳ ಪ್ಲಗ್‌ನ ನಡುಭಾಗ ಸಾಮಾನ್ಯವಾಗಿ ಋಣಾತ್ಮಕ. ಮನೆಯ ಇತರ ಉಪಕರಣಗಳ ಅಡಾಪ್ಟರ್‌ಗಳಲ್ಲಿ ನಡುಭಾಗ ಧನಾತ್ಮಕವಾಗಿರುವುದು ಹೆಚ್ಚು. ಅಂತಹುದನ್ನು ಸೇರಿಸಿದರೆ ಪೆಡಲ್ ಕೆಡಬಹುದು. ವೋಲ್ಟೇಜ್, ಧ್ರುವ ಮತ್ತು ಮಿಲಿಆಂಪಿಯರ್ ಈ ಮೂರನ್ನೂ ಪೆಡಲಿನ ಮೇಲಿನ ಗುರುತಿನೊಂದಿಗೆ ತಾಳೆ ನೋಡಬೇಕು.

ಭಾರತದಲ್ಲಿ ಗೃಹಬಳಕೆಯ ವಿದ್ಯುತ್ 230 ವೋಲ್ಟ್, 50 ಹರ್ಟ್ಜ್. ಇದರಿಂದ ಉಂಟಾಗುವ ಗುಂಯ್‌ಗುಡುವಿಕೆ 50 ಮತ್ತು 100 ಹರ್ಟ್ಜ್‌ಗಳಲ್ಲಿ ಕೇಳಿಸುತ್ತದೆ. ಬೇಸ್‌ನ ತಗ್ಗು ಜಿ ಸ್ವರ 49 ಹರ್ಟ್ಜ್, ಬಿಡಿ ಜಿ ತಂತಿ 98 ಹರ್ಟ್ಜ್. ಅಂದರೆ ಗದ್ದಲವು ವಾದ್ಯದ ಸ್ವರಗಳ ಪಕ್ಕದಲ್ಲೇ ಇರುತ್ತದೆ. ಈಕ್ವಲೈಸರಿನಿಂದ ಅದನ್ನು ಕತ್ತರಿಸಿದರೆ ಸ್ವರವೂ ಕತ್ತರಿಸಿಹೋಗುತ್ತದೆ. ಆದುದರಿಂದ ಗದ್ದಲವನ್ನು ಮೂಲದಲ್ಲೇ ತಡೆಯಬೇಕು. ಪ್ರತ್ಯೇಕಿತ ಹೊರಗಂಡಿಗಳಿರುವ ವಿದ್ಯುತ್ ಪೂರೈಕೆ ಪೆಟ್ಟಿಗೆ, ಒಳ್ಳೆಯ ಕವಚವಿರುವ ಗಿಡ್ಡ ತಂತಿಗಳು, ಮಿಕ್ಸರ್ ಮತ್ತು ಪೆಡಲ್‌ಬೋರ್ಡ್‌ಗೆ ಒಂದೇ ಮೂಲದ ವಿದ್ಯುತ್ ಇವು ಮುಖ್ಯ ಉಪಾಯಗಳು.

ಗುಂಯ್ ಶಬ್ದ ನಿಲ್ಲಿಸಲು ಮೂರು ಪಿನ್ ಪ್ಲಗ್‌ನ ಅರ್ಥ್ ಪಿನ್ನನ್ನು ತೆಗೆಯುವುದು ಪ್ರಾಣಾಪಾಯಕರ. ಗಿಟಾರಿನ ಲೋಹದ ತಂತಿಗಳು ಅರ್ಥ್ ಸಂಪರ್ಕದಲ್ಲಿರುತ್ತವೆ. ದೋಷವುಳ್ಳ ಉಪಕರಣವಿದ್ದರೆ, ಒಂದು ಕೈ ತಂತಿಯ ಮೇಲಿದ್ದು ತುಟಿ ಮೈಕಿಗೆ ತಾಗಿದಾಗ ವಿದ್ಯುತ್ ದೇಹದ ಮೂಲಕ ಹರಿಯಬಹುದು. ಶಬ್ದ ನಿಲ್ಲಿಸಲು ಡಿ.ಐ. ಪೆಟ್ಟಿಗೆಯ ‘ಗ್ರೌಂಡ್ ಲಿಫ್ಟ್’ ಗುಂಡಿಯನ್ನೇ ಬಳಸಬೇಕು. ಅದು ಧ್ವನಿತಂತಿಯ ಸಂಪರ್ಕವನ್ನು ಮಾತ್ರ ಬಿಡಿಸುತ್ತದೆ, ಸುರಕ್ಷತೆಯ ಅರ್ಥ್ ಹಾಗೆಯೇ ಉಳಿಯುತ್ತದೆ.

ಮಲೆನಾಡಿನ ಬಳಕೆ

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ತಾಲ್ಲೂಕುಗಳಾದ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರು ಬಲವಾಗಿರುತ್ತದೆ. ಈ ಅವಧಿಯ ತೇವದಿಂದ ಜ್ಯಾಕ್‌ಗಳ ಲೋಹಕ್ಕೆ ಕಿಲುಬು ಹಿಡಿದು, ಗುಂಡಿಗಳು ತಿರುಗಿಸುವಾಗ ಕರಕರ ಸದ್ದು ಮಾಡುತ್ತವೆ. ಪೆಡಲ್‌ಗಳನ್ನು ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಮುಚ್ಚಿದ ಪೆಟ್ಟಿಗೆಯಲ್ಲಿಡುವುದು, ಬಳಸದ ತಿಂಗಳುಗಳಲ್ಲಿ ಬ್ಯಾಟರಿ ತೆಗೆದಿಡುವುದು, ಆಗಾಗ ಗುಂಡಿಗಳನ್ನು ತಿರುಗಿಸಿ ಸಂಪರ್ಕ ಶುದ್ಧಿದ್ರವ ಬಳಸುವುದು ಹಿತಕರ. ಬ್ಯಾಟರಿಯಿಂದ ನಡೆಯುವ ಪೆಡಲ್‌ಗಳಲ್ಲಿ ಒಳಗಂಡಿಗೆ ತಂತಿ ಚುಚ್ಚಿದೊಡನೆ ವಿದ್ಯುತ್ ಹರಿಯತೊಡಗುವುದರಿಂದ, ನುಡಿಸಾಟ ಮುಗಿದ ಕೂಡಲೇ ತಂತಿಯನ್ನು ಕಳಚಬೇಕು. ಚಪ್ಪರದ ವೇದಿಕೆಯಲ್ಲಿ ನೆಲ ಹಸಿಯಾಗಿದ್ದರೆ ಒಣ ಹಲಗೆಯ ಮೇಲೆ ನಿಲ್ಲುವುದು, 30 ಮಿಲಿಆಂಪಿಯರ್ ಸೋರಿಕೆ ತಡೆ ಸ್ವಿಚ್ ಇರುವ ಸಂಪರ್ಕದಿಂದಲೇ ವಿದ್ಯುತ್ ಪಡೆಯುವುದು ಅಗತ್ಯ.

ಪರಿಣಾಮಗಳ ಮಿತಬಳಕೆಯ ತತ್ತ್ವವನ್ನು ಅರಿಯಲು ಈ ಭಾಗದ ಯಕ್ಷಗಾನ ಹಿಮ್ಮೇಳ ಒಳ್ಳೆಯ ನಿದರ್ಶನ. ಬಡಗುತಿಟ್ಟಿನಲ್ಲಿ ಭಾಗವತರ ಪದ್ಯಕ್ಕೆ ಮದ್ದಳೆ ಆಧಾರವಾಗಿ ನಡೆಯುತ್ತಿರುತ್ತದೆ. ಚಂಡೆ ಸನ್ನಿವೇಶ ಬೇಡಿದಾಗ ಸೇರಿ ವೀರ, ರೌದ್ರಗಳನ್ನು ಎತ್ತಿಕೊಡುತ್ತದೆ. ಚಂಡೆ ಸದಾ ಮೊಳಗುತ್ತಿದ್ದರೆ ಅದರ ಪ್ರಭಾವವೂ ಉಳಿಯದು, ಪದ್ಯದ ಮಾತೂ ಕೇಳಿಸದು. ಪೆಡಲ್‌ಬೋರ್ಡಿನಲ್ಲಿ ಕಂಪ್ರೆಸರ್ ಮತ್ತು ಪ್ರೀಆಂಪ್ ಮದ್ದಳೆಯ ಸ್ಥಾನದಲ್ಲಿವೆ, ಫಜ್, ಫಿಲ್ಟರ್‌ಗಳು ಚಂಡೆಯ ಸ್ಥಾನದಲ್ಲಿವೆ.

ಕನ್ನಡ ಸಂಗೀತದಲ್ಲಿ ಬೇಸ್ ಗಿಟಾರ್

ಇಳಯರಾಜಾ ಸಂಗೀತ ನೀಡಿದ ‘ಗೀತಾ’ (1981) ಮತ್ತು ‘ಪಲ್ಲವಿ ಅನುಪಲ್ಲವಿ’ (1983) ಚಿತ್ರಗಳ ಹಾಡುಗಳಲ್ಲಿ ಬೇಸ್ ಗಿಟಾರ್ ಪ್ರತ್ಯೇಕ ರಾಗರೇಖೆಯಾಗಿ ಸ್ಪಷ್ಟವಾಗಿ ಕೇಳಿಸುತ್ತದೆ. ಬೇಸ್ ಕಲಿಯುವ ಕನ್ನಡಿಗರಿಗೆ ಇವು ಉತ್ತಮ ಪಾಠಗಳು. ಬೆಂಗಳೂರಿನಲ್ಲಿ 1996ರಲ್ಲಿ ಆರಂಭವಾದ ಥರ್ಮಲ್ ಆಂಡ್ ಎ ಕ್ವಾರ್ಟರ್ ತಂಡ ರಾಕ್ ಪ್ರಕಾರದಲ್ಲಿ ಹೆಸರಾಗಿದೆ. ಜಿಷ್ಣು ದಾಸ್‌ಗುಪ್ತಾ ಬೇಸ್ ನುಡಿಸುವ ಸ್ವರಾತ್ಮ ತಂಡವು ಜಾನಪದ ಧಾಟಿಗಳನ್ನು ರಾಕ್ ವಾದ್ಯಗಳೊಂದಿಗೆ ಬೆಸೆದಿದೆ. ರಘು ದೀಕ್ಷಿತ್ ಅವರ ತಂಡದಲ್ಲಿ ಗೌರವ್ ವಾಜ್ ಬೇಸ್ ವಾದಕರಾಗಿ ಪರಿಚಿತರಾದರು. ಆ ತಂಡದ 2008ರ ಮೊದಲ ಸಂಪುಟದಲ್ಲಿ ಶಿಶುನಾಳ ಶರೀಫರ ತತ್ತ್ವಪದಗಳು ಇವೆ. ಪದದ ಅರ್ಥವೇ ಜೀವಾಳವಾದ ಇಂತಹ ರಚನೆಗಳಲ್ಲಿ ಬೇಸ್ ಗಿಟಾರು ಹಾಡಿನ ಕೆಳಗಿದ್ದು ಅದನ್ನು ಹೊರುವ ಪಾತ್ರವನ್ನು ವಹಿಸುತ್ತದೆ.