ಡಿಗ್ರಿಗಿಂತ ಮೊದಲು ಹುಟ್ಟಿದ ಕೆಲಸ

ಅಂಬಾಜಿದುರ್ಗ ಹೋಬಳಿಯ ನಮ್ಮೂರಲ್ಲಿ ಪತ್ರಿಕೋದ್ಯಮ ಓದಿದವಳು ನನ್ನ ಅಕ್ಕನ ಮಗಳೊಬ್ಬಳೇ. ರಿಸಲ್ಟ್ ಬಂದ ವಾರ, ತೋಟದಲ್ಲಿ ಟೊಮೆಟೊ ಬಾಕ್ಸು ತುಂಬುತ್ತಿದ್ದ ಹೆಂಗಸರೆಲ್ಲ ಅವಳನ್ನು ಕೇಳಿದ್ದು ಒಂದೇ ಮಾತು: "ಟೀವೀಲೋ ಎಪ್ಪುಡು ವಸ್ತಾವಮ್ಮಾ?" ಟೀವಿಯಲ್ಲಿ ಯಾವಾಗ ಬರ್ತೀಯಮ್ಮ ಎಂದು. ಆರು ತಿಂಗಳಾದ ಮೇಲೆ ಆ ಪ್ರಶ್ನೆ ನಿಂತುಹೋಯಿತು. ಬೆಂಗಳೂರಿನ ಒಂದು ಪತ್ರಿಕೆಯ ಪರೀಕ್ಷೆಗೆ ಹೋಗಿ ಬಂದವಳು ಸಪ್ಪಗೆ ಕೂತಿದ್ದಳು. "ಮಾಮ, ಮೂರು ವರ್ಷ ಸಂವಹನ ಸಿದ್ಧಾಂತ ಓದಿಸಿದರು. ಅಲ್ಲಿ ಒಂದು ಪುಟ ಇಂಗ್ಲಿಷ್ ಕೊಟ್ಟು ಕನ್ನಡ ಮಾಡು ಅಂದರು. ಅರ್ಧಕ್ಕೇ ಟೈಮ್ ಆಗೋಯ್ತು. ಈ ಡಿಗ್ರಿ ನಂಬಿಕೊಂಡು ಯಾರಿಗಾದರೂ ಕೆಲಸ ಸಿಕ್ಕಿದೆಯಾ?"

ಸಿಕ್ಕಿದೆ. ಆದರೆ ಆ ಕೆಲಸ ಡಿಗ್ರಿಗಿಂತ ಬಹಳ ಹಿಂದಿನದು.

ನಮ್ಮ ಚಿಂತಾಮಣಿ 2007ರವರೆಗೂ ಕೋಲಾರ ಜಿಲ್ಲೆಯಲ್ಲಿತ್ತು. ಆ ಹಳೆಯ ಜಿಲ್ಲೆಯ ಇನ್ನೊಂದು ಮೂಲೆ ಮುಳಬಾಗಿಲು. ಅಲ್ಲಿ 1887ರಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರು ಮೆಟ್ರಿಕ್ಯುಲೇಷನ್ ಪಾಸಾಗಲಿಲ್ಲ. ಕೆಲಸ ಹುಡುಕಿ ಚಿನ್ನದ ಗಣಿಯ ಊರಿಗೆ ಹೋಗಿ ಸೋಡಾ ಕಾರ್ಖಾನೆ ಸೇರಿದರು. ಬೆಂಗಳೂರಿಗೆ ಬಂದು ಜಟಕಾ ಗಾಡಿಗೆ ಬಣ್ಣ ಬಳಿಯುವ ಕಡೆಯೂ ದುಡಿದರು. ಪತ್ರಿಕೆಗೆ ಬಂದದ್ದು ಹೀಗೆ ಸುತ್ತಿ ಬಳಸಿ, ಹೊಟ್ಟೆಪಾಡಿಗೆ. 1908ರಲ್ಲಿ ಮೈಸೂರು ಸರ್ಕಾರ ಪತ್ರಿಕೆಗಳ ಮೇಲೆ ಕಠಿಣ ಕಾನೂನು ತಂದಿತ್ತು. ಅಂಥ ಕಾಲದಲ್ಲಿ ಪತ್ರಿಕೆ ಕೆಲಸವೆಂದರೆ ಹೆಣ್ಣು ಕೊಡುವವರು ಯೋಚಿಸುವಂಥ ಕೆಲಸ. ಡಿವಿಜಿ 1913ರಲ್ಲಿ 'ಕರ್ನಾಟಕ' ಎಂಬ ಇಂಗ್ಲಿಷ್ ಪತ್ರಿಕೆಯನ್ನೇ ಹೊರಡಿಸಿದರು. 1928ರಲ್ಲಿ ಬಾಗಲಕೋಟೆಯಲ್ಲಿ ನಡೆದ ಪತ್ರಕರ್ತರ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಮೆಟ್ರಿಕ್ ದಾಟದ ಈ ಮನುಷ್ಯನಿಗೆ ಮೈಸೂರು ವಿಶ್ವವಿದ್ಯಾನಿಲಯ 1961ರಲ್ಲಿ ಡಿ.ಲಿಟ್ ಕೊಟ್ಟಿತು.

ಅಷ್ಟು ಹೊತ್ತಿಗೆ ಅದೇ ವಿಶ್ವವಿದ್ಯಾನಿಲಯ ಪತ್ರಿಕೋದ್ಯಮವನ್ನು ಪಾಠದ ವಿಷಯವಾಗಿಸಿ ಹತ್ತು ವರ್ಷವಾಗಿತ್ತು. ಜಗತ್ತಿನಲ್ಲಿ ಇದಕ್ಕೊಂದು ಪ್ರತ್ಯೇಕ ಶಾಲೆ ಎದ್ದದ್ದು 1908ರಲ್ಲಿ, ಅಮೆರಿಕದ ಮಿಸೌರಿಯಲ್ಲಿ. ನಮ್ಮ ಉಪಖಂಡದಲ್ಲಿ ಲಾಹೋರಿನ ಪಂಜಾಬ್ ವಿಶ್ವವಿದ್ಯಾನಿಲಯ 1941ರಲ್ಲಿ ಶುರುಮಾಡಿತು. ಮೈಸೂರಿನ ಮಹಾರಾಜಾ ಕಾಲೇಜಿಗೆ ಅದು ಬಂದದ್ದು 1951ರಲ್ಲಿ, ನಾಡಿಗ ಕೃಷ್ಣಮೂರ್ತಿಯವರ ಮೂಲಕ. ಬಿ.ಎ. ಹುಡುಗರು ಇತಿಹಾಸ, ಅರ್ಥಶಾಸ್ತ್ರಗಳ ಜೊತೆಗೇ ಪತ್ರಿಕೋದ್ಯಮ ಓದಬಹುದಾಯಿತು. 'ಡೆಕ್ಕನ್ ಹೆರಾಲ್ಡ್', 'ಪ್ರಜಾವಾಣಿ' ಎರಡೂ 1948ರಲ್ಲಿ ಹುಟ್ಟಿದ್ದವು. ಇತ್ತ ಪತ್ರಿಕೆ, ಅತ್ತ ತರಗತಿ. ಎರಡರ ನಡುವೆ ನೇರ ದಾರಿ ಬೀಳುತ್ತದೆಂದು ಯಾರಿಗಾದರೂ ಅನ್ನಿಸಬೇಕು.

ಬೀಳಲಿಲ್ಲ. ಅದರ ಕಾರಣ ನಮ್ಮ ಹುಡುಗಿ ಸೋತ ಆ ಒಂದು ಪುಟದಲ್ಲೇ ಇದೆ. ಕನ್ನಡ ಪತ್ರಿಕೆಯ ಕಚೇರಿಗೆ ದೇಶ ವಿದೇಶದ ಸುದ್ದಿ ಬರುತ್ತಿದ್ದದ್ದು ಟೆಲಿಪ್ರಿಂಟರಿನಲ್ಲಿ, ಇಂಗ್ಲಿಷಿನಲ್ಲಿ. ಹಿಂದಿಗೆ 1982ರಲ್ಲಿ ಯುಎನ್‌ಐನ 'ವಾರ್ತಾ', 1986ರಲ್ಲಿ ಪಿಟಿಐನ 'ಭಾಷಾ' ಬಂದವು. ಕನ್ನಡದ ಡೆಸ್ಕಿನಲ್ಲಿ ಕೂತವನು ಮಾತ್ರ ಹರಿದ ಕಾಗದದ ಸುರುಳಿ ನೋಡಿಕೊಂಡು ಕನ್ನಡ ಬರೆಯುತ್ತಲೇ ಇದ್ದ. ಪದವಿಯಲ್ಲಿ ಉಪಸಂಪಾದಕ, ದಿನದ ಮುಕ್ಕಾಲು ಪಾಲು ಅನುವಾದಕ. ಪ್ರವಾಹದಲ್ಲಿ ಸತ್ತವರ ಸಂಖ್ಯೆ, ಬಜೆಟ್ಟಿನ ಕೋಟಿಗಳು, ಕ್ರಿಕೆಟ್ಟಿನ ಇನ್ನಿಂಗ್ಸ್, ಎಲ್ಲವನ್ನೂ ಪೇಜು ಕಟ್ಟುವ ಮುಂಚೆ ತಿರುಗಿಸಬೇಕು. ಅದಕ್ಕೇ ಪತ್ರಿಕೆಗಳ ಪರೀಕ್ಷೆಯಲ್ಲಿ ಅನುವಾದ ತಪ್ಪುವುದಿಲ್ಲ. ಕನ್ನಡ ಎಂ.ಎ. ಆದವರೂ ಇಂಗ್ಲಿಷ್ ಮೇಷ್ಟ್ರಾಗಬೇಕಿದ್ದವರೂ ಡೆಸ್ಕಿಗೆ ಬಂದು ಸಲೀಸಾಗಿ ನೆಲೆನಿಂತದ್ದು ಇದೇ ಬಲದಿಂದ. ಸಿದ್ಧಾಂತ ಓದಬಾರದೆಂದು ಹೇಳುತ್ತಿಲ್ಲ. ಆದರೆ ಮೂರು ವರ್ಷದಲ್ಲಿ ವಾರಕ್ಕೆರಡು ಪುಟ ಅನುವಾದ ಮಾಡಿಸದೆ ಕಳಿಸುವುದು ಮಕ್ಕಳಿಗೆ ಮಾಡುವ ಮೋಸ ಎಂದೇ ನನ್ನ ಅನಿಸಿಕೆ.

ತಾಲ್ಲೂಕಿನಲ್ಲೇ ಇದ್ದು ವರದಿಗಾರಿಕೆ ಮಾಡುತ್ತೇನೆ ಎನ್ನುವವರ ಕತೆ ಬೇರೆ. 1955ರ ಕಾಯ್ದೆ ಪತ್ರಕರ್ತರ ದುಡಿಮೆಯ ಅವಧಿ, ರಜೆ, ಸಂಬಳಗಳಿಗೆ ಒಂದು ಚೌಕಟ್ಟು ಹಾಕಿತು. ಅದರ ಫಲ ಉಂಡವರಲ್ಲಿ ಹೆಚ್ಚಿನವರು ನಗರದ ಕಚೇರಿಯವರು. ತಾಲ್ಲೂಕಿನಲ್ಲಿ ಸುದ್ದಿ ಬರೆಯುವವನೇ ಎಷ್ಟೋ ಕಡೆ ಪೇಪರ್ ಏಜೆಂಟ್, ಜಾಹೀರಾತು ತರುವವನೂ ಅವನೇ. ಮನೆ ನಡೆಯುತ್ತಿದ್ದದ್ದು ಅಂಗಡಿಯಿಂದಲೋ ಜಮೀನಿನಿಂದಲೋ.

ಇನ್ನು ಟೀವಿ. ತೋಟದ ಹೆಂಗಸರ ತೆಲುಗು ಪ್ರಶ್ನೆ ನೆನಪಾದಾಗಲೆಲ್ಲ ನನಗೆ ನಗು ಬರುತ್ತದೆ, ಏಕೆಂದರೆ ಕನ್ನಡದ ಖಾಸಗಿ ಟೀವಿಯ ಕೆಲಸಗಳು ಬಹುಪಾಲು ಬಂದದ್ದೇ ಪಕ್ಕದ ಭಾಷೆಗಳ ಮನೆಯಿಂದ. 1994ರ ಉದಯ ಟಿವಿ ಚೆನ್ನೈನ ಸನ್ ಬಳಗದ್ದು. 2000ದ ಡಿಸೆಂಬರಿನಲ್ಲಿ ಶುರುವಾದ ಈಟಿವಿ ಕನ್ನಡದ ಸುದ್ದಿ ತಯಾರಾಗುತ್ತಿದ್ದದ್ದು ಹೈದರಾಬಾದಿನ ಹೊರಗೆ, ರಾಮೋಜಿ ಫಿಲ್ಮ್ ಸಿಟಿಯಲ್ಲಿ. ನಮ್ಮ ಎಷ್ಟೋ ಹುಡುಗರು ಪೆಟ್ಟಿಗೆ ಕಟ್ಟಿಕೊಂಡು ಅಲ್ಲಿಗೇ ಹೋದರು. 2006ರಲ್ಲಿ ಬಂದ ಕನ್ನಡದ ಟಿವಿ9 ಕೂಡ ಹೈದರಾಬಾದ್ ಮೂಲದ ಸಂಸ್ಥೆಯದು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷ್ ಅಂತ ಬೆಳೆದ ಗಡಿಯ ಮಕ್ಕಳಿಗೆ ಇದು ಸಣ್ಣ ಅನುಕೂಲವಲ್ಲ. ಈ ಸೀಮೆಯಲ್ಲಿ ಒಂದು ಮಾತನ್ನು ಮೂರು ಭಾಷೆಗೆ ದಾಟಿಸುವುದು ಮಂಡಿಯ ಹರಾಜಿನಲ್ಲೂ ದಿನಾ ನಡೆಯುವ ಕೆಲಸ. ಅದನ್ನು ಯಾರೂ ವಿದ್ಯೆ ಎಂದು ಕರೆದಿಲ್ಲ, ಅಷ್ಟೇ.

ಇದನ್ನೆಲ್ಲ ಹೇಳಿದ್ದಕ್ಕೆ ಅವಳು ಅಡ್ಡ ಬಿದ್ದಳು. "ಈಗ ಅನುವಾದ ಫೋನೇ ಮಾಡುತ್ತಲ್ಲ ಮಾಮ?" ಮಾಡುತ್ತದೆ. ಕೃಷಿ ಮಾರುಕಟ್ಟೆಯ ಒಂದು ಇಂಗ್ಲಿಷ್ ಸುದ್ದಿ ತೆಗೆದು ಇಬ್ಬರೂ ಫೋನಿಗೆ ಕೊಟ್ಟೆವು. ಬಂದ ಕನ್ನಡದಲ್ಲಿ ತಪ್ಪು ಕಮ್ಮಿಯೇ ಇತ್ತು. ಅವಳು ಓದಿ, "ಇದನ್ನ ನಮ್ಮಪ್ಪಂಗೆ ಓದಿ ಹೇಳಿದರೆ ರೇಟು ಏರಿತೋ ಇಳೀತೋ ಗೊತ್ತಾಗಲ್ಲ" ಎಂದಳು. ಪೆನ್ನು ತಗೊಂಡು ನಾಲ್ಕು ಸಾಲಿನಲ್ಲಿ ತಾನೇ ಬರೆದಳು.

ಈಗ ಅವಳಪ್ಪನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ದಿನಕ್ಕೊಂದು ಪುಟ ಅನುವಾದ ನಡೆದಿದೆ, ಗಡಿಯಾರ ಮುಂದಿಟ್ಟುಕೊಂಡು. ನಿನ್ನೆಯದು ನಲವತ್ತು ನಿಮಿಷ ತಗೊಂಡಿತಂತೆ. ಮುಂದಿನ ಪರೀಕ್ಷೆ ಸೋಮವಾರ; ಬೆಳಗಿನ ಮೊದಲ ಬಸ್ಸಿಗೆ ಹೊರಡುತ್ತಾಳೆ.