ಬಳೆ ಕದ್ದವರು ಯಾರು?

ನಮ್ಮ ಕಡೆಯ ಹೈಸ್ಕೂಲುಗಳ ವಾರ್ಷಿಕೋತ್ಸವದಲ್ಲಿ ಕಳ್ಳನ ಹುಡುಕಾಟ ನಡೆಯದೆ ಪರದೆ ಬೀಳುತ್ತಿರಲಿಲ್ಲ. ಹೆಡ್‌ಮಾಸ್ತರ ಗಡಿಯಾರವೋ, ಅತ್ತೆಯ ಬಳೆಯೋ, ಮದುವೆಮನೆಯ ಮೈಸೂರುಪಾಕಿನ ಡಬ್ಬವೋ ಕಾಣೆಯಾಗಬೇಕು. ಅಡುಗೆಭಟ್ಟನಿಂದ ಹಿಡಿದು ಬೀಗರವರೆಗೆ ಎಲ್ಲರ ಮೇಲೂ ಅನುಮಾನ ಬರಬೇಕು. ಕೊನೆಗೆ ಅದು ಕಳುವೇ ಆಗಿಲ್ಲ, ಮರೆಗುಳಿ ತಾತ ಅಕ್ಕಿ ಡಬ್ಬದಲ್ಲಿ ಇಟ್ಟಿದ್ದ ಎಂದು ಗೊತ್ತಾಗಬೇಕು. ತುಮಕೂರು ಜಿಲ್ಲೆಯ ಶಾಲೆಗಳಲ್ಲಿ ಕನ್ನಡ ಮೇಷ್ಟ್ರಾಗಿದ್ದ ನಾನು ಇಂಥ ನಾಟಕಗಳನ್ನು ಬರೆದಿದ್ದೇನೆ, ಪರದೆಯ ಹಗ್ಗವನ್ನೂ ಎಳೆದಿದ್ದೇನೆ. ಇದೆಲ್ಲ ಇಂಗ್ಲಿಷಿನವರಿಂದ ಎತ್ತಿದ್ದು ಎನ್ನುವವರಿದ್ದಾರೆ. ಇರಬಹುದು, ಆದರೆ ಹತ್ತಿರದಲ್ಲೇ ಸಾಲ ಕೊಟ್ಟವರು ಬೇರೆ ಇದ್ದಾರೆ.

ಕಳ್ಳ ಬಂದದ್ದು ಕಂಪನಿ ನಾಟಕದಿಂದ. 1884ರಲ್ಲಿ ಶುರುವಾದ ಗುಬ್ಬಿ ಕಂಪನಿಯ ‘ಸದಾರಮೆ’ಯಲ್ಲಿ ವೀರಣ್ಣನವರ ಕಳ್ಳನ ಪಾತ್ರ ಮನೆಮಾತಾಗಿತ್ತು. ಕಳ್ಳನನ್ನು ಕಂಡು ಹೆದರುವುದಷ್ಟೇ ಅಲ್ಲ, ನಗಲೂಬಹುದು ಎಂದು ನಮ್ಮ ಊರುಗಳಿಗೆ ತೋರಿಸಿಕೊಟ್ಟದ್ದು ಅಂಥ ಪಾತ್ರಗಳು. ಆದರೆ ಕಂಪನಿ ನಾಟಕ ಶಾಲೆಗೆ ಎಟುಕುವಂಥದ್ದಲ್ಲ. ಕಿರೀಟ, ಗದೆ, ಭುಜಕೀರ್ತಿಗೆಲ್ಲ ಬಾಡಿಗೆ. ಹಾಡಲು ಕಂಠ ಬೇಕು, ಹಾರ್ಮೋನಿಯಂ ಮೇಷ್ಟ್ರಿಗೆ ಬೇರೆ ಸಂಭಾವನೆ.

ಈ ಖರ್ಚನ್ನು ಉಳಿಸಿಕೊಟ್ಟವರು ಕೈಲಾಸಂ. ಲಂಡನ್ನಿನಲ್ಲಿ ಭೂವಿಜ್ಞಾನ ಓದಿ 1915ರಲ್ಲಿ ಮರಳಿದ ಈ ಮನುಷ್ಯ ಅರಮನೆಯ ಪರದೆಯನ್ನು ಸುತ್ತಿಟ್ಟು, ರಂಗದ ಮೇಲೆ ಮಧ್ಯಮವರ್ಗದ ಮನೆಯ ಪಡಸಾಲೆಯನ್ನು ತಂದರು. ‘ಟೊಳ್ಳುಗಟ್ಟಿ’ಯಲ್ಲಿ ಇರುವುದು ಒಂದು ಮನೆ, ಪುಸ್ತಕದ ಹುಳುವಾದ ಒಬ್ಬ ಮಗ, ಮನೆಯವರ ಕಷ್ಟಕ್ಕೆ ಒದಗುವ ಇನ್ನೊಬ್ಬ ಮಗ. ಸ್ಟಾಫ್‌ರೂಮಿನ ಕುರ್ಚಿ, ಯಾರದೋ ಅಪ್ಪನ ಕರಿಕೋಟು ಇದ್ದರೆ ಇಂಥ ನಾಟಕ ನಡೆದುಹೋಗುತ್ತದೆ. ಮಾತೂ ಮನೆಯದೇ, ಇಂಗ್ಲಿಷ್ ಬೆರೆತದ್ದು, ಬಾಯಿಪಾಠಕ್ಕೆ ಸಲೀಸು. ಕೈಲಾಸಂ ತಮ್ಮ ನಾಟಕಗಳನ್ನು ಕೂತು ಬರೆದದ್ದಕ್ಕಿಂತ ಬಾಯಲ್ಲಿ ಹೇಳಿ ಬರೆಸಿದ್ದೇ ಹೆಚ್ಚು. ಕಿವಿಗೆ ಒಗ್ಗುವ ಗುಣ ಬಂದದ್ದು ಅದರಿಂದಲೇ ಎಂದು ನನ್ನ ಎಣಿಕೆ. ಅವರ ಮನೆಮಾತು ತಮಿಳು. ನಗೆಬರಹದ ನಾ. ಕಸ್ತೂರಿಯವರದು ಮಲಯಾಳ. ನಮ್ಮ ಪಡಸಾಲೆಯ ಕನ್ನಡವನ್ನು ಅವರಿಬ್ಬರಷ್ಟು ಕಿವಿಗೊಟ್ಟು ಕೇಳಿದ ಕನ್ನಡಿಗರು ಎಷ್ಟು ಮಂದಿಯೋ!

ಪತ್ತೇದಾರ ಬಂದದ್ದು ತಡವಾಗಿ. ಎನ್. ನರಸಿಂಹಯ್ಯನವರು ಓದಿದ್ದು ನಾಲ್ಕನೇ ತರಗತಿವರೆಗೆ, ಬರೆದದ್ದು 500ಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ. ಅವರ ಪತ್ತೇದಾರ ಪುರುಷೋತ್ತಮನನ್ನು ಹುಡುಗರು ಸಮಾಜಶಾಸ್ತ್ರದ ಪುಸ್ತಕದೊಳಗೆ ಅಡಗಿಸಿಟ್ಟು ಓದುತ್ತಿದ್ದರು. ಅದನ್ನು ಕಿತ್ತುಕೊಂಡ ಮೇಷ್ಟ್ರುಗಳೂ ಓದುತ್ತಿದ್ದರು, ಅದು ಬೇರೆ ಮಾತು. ಶಾಲೆಯ ರಂಗಕ್ಕೆ ಬರುವಷ್ಟರಲ್ಲಿ ಆ ಶೂರ ಪೆದ್ದನಾದ. ತಲೆಗೆ ದೊಡ್ಡ ಟೋಪಿ, ಕೈಯಲ್ಲಿ ವಿಜ್ಞಾನದ ಲ್ಯಾಬಿನ ಭೂತಗನ್ನಡಿ. ಮೊದಲು ಅನುಮಾನಪಡುವುದು ದೂರು ಕೊಟ್ಟವನ ಮೇಲೆಯೇ.

ಈ ನಾಟಕ ಶಾಲೆಗಳಲ್ಲಿ ಬೇರೂರಿದ್ದಕ್ಕೆ ಇನ್ನೊಂದು ಕಾರಣ ಉಂಟು, ಅದು ಮೇಷ್ಟ್ರುಗಳಿಗೆ ಮಾತ್ರ ಗೊತ್ತು. ಪೌರಾಣಿಕದಲ್ಲಿ ದ್ರೌಪದಿ ಒಬ್ಬಳೇ, ದುರ್ಯೋಧನ ಒಬ್ಬನೇ, ಮಿಕ್ಕವರು ಚಾಮರ ಬೀಸುತ್ತ ನಿಲ್ಲಬೇಕು. ಅನುಮಾನಕ್ಕೆ ಆ ಕಟ್ಟಿಲ್ಲ, ಎಷ್ಟು ಮಕ್ಕಳ ಮೇಲಾದರೂ ಬರುತ್ತದೆ. ಇನ್ಸ್‌ಪೆಕ್ಟರ್ ಒಬ್ಬೊಬ್ಬರನ್ನೇ ಕರೆದು ಕೇಳುತ್ತಾನೆ, ಒಬ್ಬೊಬ್ಬರಿಗೂ ನಾಲ್ಕು ಮಾತು ಸಿಗುತ್ತದೆ, ಯಾವ ತಾಯಿಯೂ ಮರುದಿನ ಜಗಳಕ್ಕೆ ಬರುವುದಿಲ್ಲ. ಯಾರಾದರೂ ಮಾತು ಮರೆತು ತಬ್ಬಿಬ್ಬಾದರೆ ಇನ್ನೂ ಒಳ್ಳೆಯದು. ‘ಇವನೇ ಕಳ್ಳ’ ಎಂದು ಜನ ಕೂಗುತ್ತಿದ್ದರು, ಹುಡುಗನ ಮಾನ ಉಳಿಯುತ್ತಿತ್ತು.

1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಬಂತು. ಅದರ ಚಿಣ್ಣರ ಮೇಳ, ರಂಗತರಬೇತಿ ಪಡೆದ ಮೇಷ್ಟ್ರುಗಳು, ಮುಖವಾಡ, ಗುಂಪು ಹಾಡು ಎಲ್ಲ ಸೇರಿ ಮಕ್ಕಳ ರಂಗಭೂಮಿಯ ಮಟ್ಟ ಏರಿತು. ನಮ್ಮ ಬಳೆ ಕಳ್ಳತನ ಅವುಗಳ ಮುಂದೆ ಬಡಕಲಾಗಿ ಕಂಡದ್ದು ಸಹಜ. ಆದರೆ ಅದನ್ನು ವಾರ್ಷಿಕೋತ್ಸವದಿಂದ ಎಬ್ಬಿಸಿದ್ದು ರಂಗಾಯಣವಲ್ಲ, ಸಿಡಿ ಹಾಕಿ ಕುಣಿಸುವ ಸಿನಿಮಾ ಹಾಡು.

ಈ ನಾಟಕಗಳಲ್ಲಿ ಅಚ್ಚಾದವು ಕಡಿಮೆ. ಹೆಚ್ಚಿನವು ರೂಲ್ಡ್ ನೋಟುಬುಕ್ಕಿನಲ್ಲಿ, ಕಾರ್ಬನ್ ಪ್ರತಿಯಲ್ಲಿ, ಪ್ರಾಂಪ್ಟರ್ ಹಿಡಿದು ನಿಂತ ಬಿಡಿಹಾಳೆಗಳಲ್ಲಿ ಉಳಿದಿವೆ. ನಿಮ್ಮ ಮನೆಯ ಅಟ್ಟದ ಮೇಲೆ ಅಂಥದ್ದೊಂದು ಸಿಕ್ಕರೆ ರದ್ದಿಗೆ ಹಾಕಬೇಡಿ. ಶಾಲೆಯ ಹೆಸರು, ವರ್ಷ, ಪಾತ್ರ ಮಾಡಿದವರ ಹೆಸರು ಮೇಲೆ ಬರೆದು ಊರಿನ ಲೈಬ್ರರಿಗೆ ಕೊಡಿ.